ಬೈಲಹೊಂಗಲದಿಂದ ರೋಮ್‌ವರೆಗೆ: ಜೀವಪರ ಸೇವೆಗೆ ಇಳಿದ ಒಬ್ಬ ಗುರುವಿನ ಅನುಭವ

ನಾನೊಬ್ಬ ಕಥೋಲಿಕ ಗುರು, ಅಂದರೆ ಫಾದರ್. ರೋಮ್‌ನ ತರಬೇತಿ ಮುಗಿಸಿ ಬಂದಾಯಿತು. ಬೆಳಗಾವಿಯಲ್ಲಿ ದಿಕ್ಕು ತೋಚದ ಬಸುರಿಯರಿಗಾಗಿ ನಮ್ಮ ಸಹಾಯ ಕೋಣೆಯೂ ತೆರೆಯಿತು. ಅಲ್ಲಿಗೆ ಬಂದ ಮೊದಲ ಹುಡುಗಿಯ ಕಾಗದಪತ್ರದ ಕೆಲಸ ಈಗಷ್ಟೇ ಮುಗಿದಿದೆ. ಈ ನಡುವೆ ಫೋನ್ ಮಾತ್ರ ನಿಂತಿಲ್ಲ. ಕಿರಿಯ ಗುರುಗಳು, ಸಿಸ್ಟರ್‌ಗಳು, ಗುರುವಾಗಲು ಸೆಮಿನರಿಯಲ್ಲಿ ಓದುತ್ತಿರುವ ಹುಡುಗರು ಎಲ್ಲರೂ ಕೇಳುವುದು ಒಂದೇ. ಹುಟ್ಟಬೇಕಾದ ಮಕ್ಕಳಿಗಾಗಿ, ಅವರ ತಾಯಂದಿರಿಗಾಗಿ ಕೆಲಸ ಮಾಡುವ ಮನಸ್ಸಿದೆ, ಎಲ್ಲಿಂದ ಶುರು ಮಾಡಬೇಕು, ಯಾವ ಕಾಗದ ಬೇಕು, ಎಷ್ಟು ಖರ್ಚಾಗುತ್ತದೆ ಅಂತ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ನಾನು ಪಟ್ಟ ಗೊಂದಲ ನೀವು ಪಡುವುದು ಬೇಡ.

ನಮ್ಮದು ಬೈಲಹೊಂಗಲ ತಾಲ್ಲೂಕಿನ ಹಳ್ಳಿ. ಜೋಳ, ಸೋಯಾಬೀನ್, ಸ್ವಲ್ಪ ಕಬ್ಬು. ಪಿಯುಸಿ ಮುಗಿದ ಮೇಲೆ ಗುರುವಾಗುತ್ತೇನೆ ಅಂದಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಬ್ಬನ ಮಗ ಅದೀ. ನೀ ಫಾದರ್ ಆಗಿ ಹ್ವಾದ್ರ ಈ ಹೊಲಾ ಯಾರ್ ನೋಡಬೇಕೋ?" ಅಂದರು. ಅವ್ವ ಒಳಗಿನಿಂದಲೇ ಉತ್ತರ ಕೊಟ್ಟಳು: "ದೇವ್ರು ಕೇಳ್ಯಾನ. ನಾವು ಇಲ್ಲಾ ಅನ್ನಾಕ ಬರತೈತೇನ?" ಅಪ್ಪ ಒಪ್ಪಲು ವರ್ಷಗಳೇ ಬೇಕಾದವು. ಮನೆಯವರು ಒಪ್ಪುತ್ತಿಲ್ಲ ಎಂದು ನೊಂದುಕೊಂಡಿರುವ ಹುಡುಗರಿಗೆ ಇದನ್ನು ಹೇಳಬೇಕು ಅನ್ನಿಸಿತು. ದೇವಕರೆ ನಿಮಗೆ ಕೇಳಿಸಿದ ದಿನವೇ ಅಪ್ಪನಿಗೂ ಕೇಳಿಸಬೇಕು ಅಂತೇನಿಲ್ಲ. ಅವರಿಗೂ ಟೈಮ್ ಕೊಡಿ.

ಸೆಮಿನರಿಯ ವರ್ಷಗಳನ್ನು ಬೇಗ ದಾಟುತ್ತೇನೆ. ಪದವಿ, ತತ್ವಶಾಸ್ತ್ರ, ನಡುವೆ ಧರ್ಮಕೇಂದ್ರವೊಂದರಲ್ಲಿ (ಊರಿನ ಚರ್ಚ್‌ನಲ್ಲಿ) ಸೇವೆ, ಆಮೇಲೆ ದೈವಶಾಸ್ತ್ರ. ಪಿಯುಸಿ ಆದವನು ಗುರುದೀಕ್ಷೆಯ ತನಕ ಬರಲು ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ. ನಿಯಮದ ಪ್ರಕಾರ ಕನಿಷ್ಠ 25 ವರ್ಷ ತುಂಬಿರಬೇಕು. ಅದಕ್ಕೂ ಮುಂಚಿನ ಮೆಟ್ಟಿಲಾದ ಸೇವಾದರ್ಶಿ (ಡೀಕನ್) ದೀಕ್ಷೆಗೂ ಗುರುದೀಕ್ಷೆಗೂ ನಡುವೆ ಕಡಿಮೆ ಅಂದರೂ ಆರು ತಿಂಗಳ ಅಂತರ ಇರಬೇಕು. ದೀಕ್ಷೆಗೆ ಮುಂಚೆ ಸ್ವಂತ ಕೈಬರಹದಲ್ಲೇ ಒಂದು ಪತ್ರ ಬರೆದು ಸಹಿ ಹಾಕಬೇಕು: ಯಾರ ಒತ್ತಾಯವೂ ಇಲ್ಲ, ನಾನಾಗಿಯೇ ಬಂದಿದ್ದೇನೆ, ಬದುಕಿನುದ್ದಕ್ಕೂ ಈ ಸೇವೆಯಲ್ಲೇ ಇರುತ್ತೇನೆ ಅಂತ.

ದೀಕ್ಷೆಗೆ ಮುಂಚೆ ಪರಿಶೀಲಿಸುವ ವಿಷಯಗಳಲ್ಲಿ ಒಂದನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಗರ್ಭಪಾತ ಮಾಡಿಸಿದವನು, ಅಥವಾ ಅದಕ್ಕೆ ಕೈಜೋಡಿಸಿದವನು, ದೀಕ್ಷೆ ಪಡೆಯಲು ಧರ್ಮಸಭೆಯ (ಕಥೋಲಿಕ ಚರ್ಚ್‌ನ) ಕಾನೂನಿನಲ್ಲಿ ಅಡ್ಡಿಯಿದೆ. ಅದರಿಂದ ವಿನಾಯಿತಿ ಕೊಡುವ ಅಧಿಕಾರ ಸ್ಥಳೀಯ ಧರ್ಮಾಧ್ಯಕ್ಷರಿಗೂ (ಬಿಷಪರಿಗೂ) ಇಲ್ಲ. ಅದು ರೋಮ್‌ನಿಂದಲೇ ಬರಬೇಕು. ಸೆಮಿನರಿಗೆ ಬರುವ ಮುಂಚೆ ಇಂಥದ್ದು ನಡೆದಿದ್ದರೆ ಮುಚ್ಚಿಟ್ಟುಕೊಂಡು ಕೊರಗಬೇಡಿ. ಆತ್ಮೀಯ ಮಾರ್ಗದರ್ಶಕರಿಗೆ ಬೇಗ ಹೇಳಿ. ಇಂಥ ಭಾರ ಹೊತ್ತ ಗಂಡಸರೂ ಇದ್ದಾರೆ ಎಂಬುದು ನನಗೆ ಮೊದಲು ಹೊಳೆದದ್ದು ಈ ನಿಯಮ ಓದಿದಾಗಲೇ.

ಇನ್ನೊಂದು ಮಾತು ಮನೆಯವರಿಗೆ. ಓದಿನ ಖರ್ಚಿನ ಬಹುಪಾಲನ್ನು ಧರ್ಮಪ್ರಾಂತ್ಯ, ಅಂದರೆ ಧರ್ಮಾಧ್ಯಕ್ಷರ ಆಡಳಿತ, ನೋಡಿಕೊಳ್ಳುತ್ತದೆ. ಸಾಲ ಆಗುವುದು ಮೊದಲ ಪೂಜೆಯ ಊಟದಿಂದ. ಊರಿಗೆಲ್ಲ ಹೋಳಿಗೆ, ಪೆಂಡಾಲು, ಬ್ಯಾಂಡು. ಮಗ ಗುರುವಾದ ಸಂತೋಷಕ್ಕೆ ಹೊಲ ಅಡವಿಡಬೇಡಿ, ದಯವಿಟ್ಟು.

ಜೀವಪರ ಸೇವೆಯ ಕಡೆ ನನ್ನನ್ನು ತಿರುಗಿಸಿದ್ದು ಬೆಳಗಾವಿ ಸೀಮೆಯ ಸುದ್ದಿಗಳೇ. 2017ರ ಮಾರ್ಚ್‌ನಲ್ಲಿ ಕಾಗವಾಡದ ಗಡಿ ದಾಟಿದರೆ ಸಿಗುವ ಸಾಂಗಲಿ ಜಿಲ್ಲೆಯ ಮ್ಹೈಸಾಳದಲ್ಲಿ, ಒಬ್ಬ ಹೆಣ್ಣುಮಗಳು ಗರ್ಭಪಾತದಲ್ಲಿ ತೀರಿಕೊಂಡ ಮೇಲೆ ಪೊಲೀಸರು ಹುಡುಕಿದರು. ಹೂತಿಟ್ಟಿದ್ದ 19 ಭ್ರೂಣಗಳು ಸಿಕ್ಕವು. 2022ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಮೂಡಲಗಿಯಲ್ಲಿ ಡಬ್ಬಿಗಳಲ್ಲಿ ತುಂಬಿ ಹಳ್ಳಕ್ಕೆ ಎಸೆದಿದ್ದ 7 ಭ್ರೂಣಗಳು ಸಿಕ್ಕವು. ಆ ಭಾನುವಾರ ಪೂಜೆಯಲ್ಲಿ ನಾನು ಅದರ ಬಗ್ಗೆ ಎರಡು ಮಾತು ಆಡಿದೆ, ಅಷ್ಟೇ. ಪೂಜೆ ಮುಗಿದ ಮೇಲೆ ಒಬ್ಬ ತಾಯಿ ಅಂಗಳದಲ್ಲಿ ಕಾಯುತ್ತಿದ್ದಳು.

ಆಕೆ ಹೇಳಿದ್ದನ್ನು ಬರೆಯಲು ಆಕೆಯೇ ಒಪ್ಪಿಗೆ ಕೊಟ್ಟಿದ್ದಾಳೆ. ಅದು ಪಾಪನಿವೇದನೆಯಲ್ಲಿ (ಕನ್ಫೆಷನ್‌ನಲ್ಲಿ) ಹೇಳಿದ್ದೂ ಅಲ್ಲ. ಇಬ್ಬರು ಹೆಣ್ಣುಮಕ್ಕಳಾದ ಮೇಲೆ ಮೂರನೆಯ ಬಸಿರು. ಅತ್ತೆ, ಗಂಡ ಸೇರಿ ಕಾರಿನಲ್ಲಿ ಎಲ್ಲಿಗೋ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರು. ಮರುದಿನವೇ "ತೆಗೆಸಿದರು". ಆಕೆಯನ್ನು ಯಾರೂ ಏನೂ ಕೇಳಲಿಲ್ಲ. "ಹೆಸರ ಇಟ್ಟೇನ್ರಿ ಫಾದರ್. ಯಾರಿಗೂ ಹೇಳಿಲ್ಲ. ಎಲ್ಲಾರೂ ಉಂಡು ಮಲಗಿದ ಮ್ಯಾಲ ಒಮ್ಮೆ ಕರೀತೇನಿ." ನನಗೆ ಮಾತೇ ಬರಲಿಲ್ಲ. ಸೆಮಿನರಿಯಲ್ಲಿ ಕಲಿತ ಯಾವ ಪಾಠವೂ ಆ ಹೊತ್ತಿಗೆ ನೆರವಿಗೆ ಬರಲಿಲ್ಲ. ಆ ವಾರವೇ ಧರ್ಮಾಧ್ಯಕ್ಷರಿಗೆ ಪತ್ರ ಬರೆದೆ.

ಉತ್ತರ ತಕ್ಷಣ ಬರಲಿಲ್ಲ. ಕರೆದು ಮಾತಾಡಿಸಿದಾಗಲೂ "ಈಗ ಬೇಡ, ಧರ್ಮಕೇಂದ್ರದ ಕೆಲಸ ಇನ್ನೂ ಕಲಿ" ಅಂದರು. ಆಗ ಬೇಸರವಾಗಿತ್ತು. ಆದರೆ ಆ ಕಾಯುವ ಕಾಲದಲ್ಲಿ ಅವರು ಹಚ್ಚಿದ ಕೆಲಸವೇ ಇವತ್ತು ನನ್ನ ಕೈ ಹಿಡಿದಿದೆ. ಕಾನೂನು ಓದು ಅಂದರು. ಸ್ತ್ರೀರೋಗ ತಜ್ಞರ ಹತ್ತಿರ ಕೂತು ಕಲಿ ಅಂದರು. ಈ ಕೆಲಸದಲ್ಲಿ ಎಂದೂ ಒಬ್ಬನೇ ಕೂರಬೇಡ, ಒಬ್ಬ ಸಿಸ್ಟರ್ ಮತ್ತು ಮದುವೆಯಾದ ಒಬ್ಬ ಹೆಣ್ಣುಮಗಳು ಜೊತೆಗಿರಲಿ ಅಂದರು. ನೇರವಾಗಿ ಹೊರದೇಶದ ಸಂಸ್ಥೆಗಳಿಗೆ ಅರ್ಜಿ ಹಾಕಬೇಕು ಅಂದುಕೊಂಡಿರುವ ಗುರುಗಳು ದಯವಿಟ್ಟು ಮೊದಲು ನಿಮ್ಮ ಧರ್ಮಾಧ್ಯಕ್ಷರ ಒಪ್ಪಿಗೆ ಪಡೆಯಿರಿ. ಅವರ ಪತ್ರ ಇಲ್ಲದೆ ಮುಂದಿನ ಒಂದು ಬಾಗಿಲೂ ತೆರೆಯುವುದಿಲ್ಲ.

ಕಾನೂನು ಓದಿದಾಗ ಕೆಲವು ವಿಷಯ ನನ್ನ ಕಣ್ಣು ತೆರೆಸಿದವು. ನಮ್ಮ ದೇಶದಲ್ಲಿ 1971ರ ಕಾಯ್ದೆಯ ಪ್ರಕಾರ ಕೆಲವು ಷರತ್ತುಗಳ ಮೇಲೆ ಗರ್ಭಪಾತಕ್ಕೆ ಅವಕಾಶವಿದೆ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರು, ಕೆಲವು ವರ್ಗದ ಮಹಿಳೆಯರಿಗೆ 24 ವಾರದವರೆಗೆ ಇಬ್ಬರು ವೈದ್ಯರು ಒಪ್ಪಬೇಕು. ಧರ್ಮಸಭೆ ಇದನ್ನು ಒಪ್ಪುವುದಿಲ್ಲ. ನಾನೂ ಒಪ್ಪುವುದಿಲ್ಲ. ಆದರೆ ಬಂದ ಹುಡುಗಿಗೆ ಕಾನೂನಿನ ಬಗ್ಗೆ ಸುಳ್ಳು ಹೇಳಿ ಹೆದರಿಸುವ ಹಕ್ಕು ನಮಗಿಲ್ಲ. ಹೆದರಿಕೆಯಿಂದ ಉಳಿದ ಮಗುವನ್ನು ಮುಂದೆ ಯಾರು ಪ್ರೀತಿಸಬೇಕು? ಇನ್ನು ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ. ಅದರಲ್ಲಿ ಒಂದು ಸೆಕ್ಷನ್ ಇದೆ. ಲಿಂಗ ಪತ್ತೆ ಮಾಡಿಸಿಕೊಂಡ ಹೆಂಗಸನ್ನು ಗಂಡ ಅಥವಾ ಸಂಬಂಧಿಕರೇ ಒತ್ತಾಯ ಮಾಡಿದ್ದಾರೆ ಎಂದೇ ಕೋರ್ಟು ಮೊದಲು ಭಾವಿಸಬೇಕು. ಅದನ್ನು ಓದುವಾಗ ಅಂಗಳದಲ್ಲಿ ಕೂತಿದ್ದ ಆ ತಾಯಿಯ ಮುಖ ನೆನಪಾಯಿತು.

ಕೊನೆಗೆ ಒಪ್ಪಿಗೆ ಸಿಕ್ಕಿತು. ರೋಮ್‌ನಲ್ಲಿ ಗುರುಗಳಿಗೆ, ದಾದಿಯರಿಗೆ, ಆಪ್ತ ಸಲಹೆಗಾರರಿಗೆ ನಡೆಯುವ ತರಬೇತಿಯೊಂದಕ್ಕೆ ನನ್ನ ಹೆಸರು ಹೋಯಿತು. ಕಾಗದದ ಕಷ್ಟ ಶುರುವಾಗಿದ್ದು ಅಲ್ಲಿಂದ.

ಮೊದಲು ಪಾಸ್‌ಪೋರ್ಟ್. ಬೆಳಗಾವಿಯ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಹುಬ್ಬಳ್ಳಿಗೆ ಓಡುವ ಕೆಲಸ ತಪ್ಪಿತು. 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ ಶುಲ್ಕ 1500 ರೂಪಾಯಿ. ತೊಡಕು ಬಂದದ್ದು ಹೆಸರಲ್ಲಿ. ಜ್ಞಾನಸ್ನಾನದ ಪುಸ್ತಕದಲ್ಲಿ ಇಗ್ನೇಷಿಯಸ್, ಶಾಲೆಯ ದಾಖಲೆಯಲ್ಲಿ ಇನ್ನಾಸಪ್ಪ, ಆಧಾರ್‌ನಲ್ಲಿ ಅಪ್ಪನ ಹೆಸರೂ ಸೇರಿ ಇನ್ನೊಂದು. ನಮ್ಮ ಹಳ್ಳಿಗಳ ಕಥೋಲಿಕರಲ್ಲಿ ಇದು ಮನೆಮನೆಯ ಕಥೆ. ಅಂತಪ್ಪ ಚರ್ಚ್‌ನಲ್ಲಿ ಆಂಥೋನಿ ಆಗಿರುತ್ತಾನೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನೇ ಹಿಡಿದು ಆಧಾರ್ ಸರಿಮಾಡಿಸಿದೆ. ಎರಡೂ ಹೆಸರು ಒಬ್ಬನದೇ ಎಂದು ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದೆ. ಧರ್ಮಪ್ರಾಂತ್ಯದ ಕಚೇರಿಯಿಂದ ಬರುವ ಪ್ರತಿ ಪತ್ರದಲ್ಲೂ ಪಾಸ್‌ಪೋರ್ಟ್‌ನ ಹೆಸರನ್ನೇ ಬರೆಸಿಕೊಂಡೆ. ನೀವು ಇನ್ನೂ ಸೆಮಿನರಿಯಲ್ಲಿದ್ದರೆ ಈ ಕೆಲಸ ಈಗಲೇ ಮುಗಿಸಿಬಿಡಿ. ಪೊಲೀಸ್ ವೆರಿಫಿಕೇಶನ್ ವಿಷಯ ಕೂಡ ಗಮನಿಸಿ. ಗುರುಗಳಿಗೆ ವರ್ಗಾವಣೆ ಆಗುತ್ತಲೇ ಇರುತ್ತದೆ. ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲಿ ನೀವು ಸಿಗಬೇಕು.

ಆಮೇಲೆ ವೀಸಾ. ಇದಕ್ಕೆ ಬೆಂಗಳೂರಿಗೇ ಹೋಗಬೇಕು, ಬೆರಳಚ್ಚು ಕೊಡಬೇಕು. ರಾತ್ರಿ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಕೇಂದ್ರದ ಸೇವಾ ಶುಲ್ಕ ಬೇರೆ. 30,000 ಯೂರೋಗೆ ಕಡಿಮೆ ಇಲ್ಲದ ಪ್ರಯಾಣ ವಿಮೆ ಬೇಕು. ವಾಪಸ್ ಬರುವ ದಿನದ ನಂತರವೂ ಪಾಸ್‌ಪೋರ್ಟ್‌ಗೆ ಮೂರು ತಿಂಗಳ ಅವಧಿ ಇರಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ತಡ ಅಂದರೂ ಪ್ರಯಾಣಕ್ಕೆ 15 ದಿನ ಮುಂಚೆ ಹಾಕಿರಲೇಬೇಕು. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಆಗುತ್ತದೆ ಅನ್ನುತ್ತಾರೆ, ಆದರೆ 45 ದಿನದವರೆಗೂ ಎಳೆಯಲು ಅವರಿಗೆ ಅವಕಾಶವಿದೆ.

ನನಗೆ ಗೊತ್ತಿಲ್ಲದೆ ಎದುರಾದದ್ದು ಹಣದ ಪುರಾವೆ. ಸಂಬಳದ ಚೀಟಿ ಎಲ್ಲಿ, ಆದಾಯ ತೆರಿಗೆ ಕಾಗದ ಎಲ್ಲಿ ಅಂತ ಕೇಳಿದರು. ಧರ್ಮಪ್ರಾಂತ್ಯದ ಗುರುವಿಗೆ ಸಿಗುವುದು ಸಣ್ಣ ಭತ್ಯೆ. ನನ್ನ ಬ್ಯಾಂಕ್ ಖಾತೆ ನೋಡಿದರೆ ಯಾರೂ ಈತ ಯುರೋಪಿಗೆ ಹೋಗಬಲ್ಲ ಅಂತ ನಂಬುವುದಿಲ್ಲ. ತರಬೇತಿ ನಡೆಸುವವರ ಆಹ್ವಾನದಲ್ಲಿ ವಸತಿ ಇದೆ ಎಂದು ಬರೆದಿತ್ತು. ಊಟ, ಖರ್ಚು ಯಾರದು ಎಂದು ಇರಲಿಲ್ಲ. ಹೊಸ ಆಹ್ವಾನ ತರಿಸಬೇಕಾಯಿತು. ಪ್ರಯಾಣದ ಖರ್ಚು ತಾನೇ ನೋಡಿಕೊಳ್ಳುತ್ತೇನೆ ಎಂದು ಧರ್ಮಪ್ರಾಂತ್ಯ ಪತ್ರ ಕೊಟ್ಟಿತು. ಜೊತೆಗೆ ಅದರ ಲೆಕ್ಕಪತ್ರದ ಪ್ರತಿ, ನಾನು ಮರಳಿ ಬಂದು ಯಾವ ಧರ್ಮಕೇಂದ್ರದಲ್ಲಿ ಕೆಲಸ ಮಾಡುತ್ತೇನೆ ಎಂಬ ನೇಮಕಾತಿ ಪತ್ರ. ಈ ಮೂರೂ ಮೊದಲೇ ಇಟ್ಟುಕೊಂಡರೆ ನಿಮಗೆ ಅರ್ಧ ನೆಮ್ಮದಿ.

'ಸೆಲೆಬ್ರೆಟ್' ಪತ್ರವನ್ನೂ ಮರೆಯಬೇಡಿ. ಈತ ನಮ್ಮ ಗುರು, ಪೂಜೆ ಅರ್ಪಿಸಲು ಅಡ್ಡಿಯಿಲ್ಲ ಎಂದು ಧರ್ಮಾಧ್ಯಕ್ಷರು ಕೊಡುವ ಪತ್ರ ಅದು. ಒಂದು ವರ್ಷಕ್ಕಿಂತ ಹಳೆಯದಾಗಿರಬಾರದು. ಅದಿಲ್ಲದೆ ಪರವೂರಿನ ಚರ್ಚ್‌ನಲ್ಲಿ ಬಲಿಪೀಠದ ಹತ್ತಿರ ಬಿಡದಿದ್ದರೆ ಬೇಜಾರು ಮಾಡಿಕೊಳ್ಳುವಂತಿಲ್ಲ.

ಪಾಸ್‌ಪೋರ್ಟ್ ವಾಪಸ್ ಬರುವ ತನಕದ ಆ ವಾರಗಳು ಬಹಳ ಭಾರವಾಗಿದ್ದವು. ಇದು ದೇವರ ಇಚ್ಛೆಯೋ ನನ್ನ ಆಸೆಯೋ ಎಂದು ದಿನವೂ ಪ್ರಾರ್ಥನೆಯಲ್ಲಿ ಕೇಳುತ್ತಿದ್ದೆ. ವಿಮಾನದ ಟಿಕೆಟ್ ಬೆಲೆ ದಿನದಿನಕ್ಕೆ ಏರುತ್ತಿತ್ತು. ವೀಸಾ ಕೈಗೆ ಬಂದಾಗ ಸಂತೋಷಕ್ಕಿಂತ ಸುಸ್ತೇ ಜಾಸ್ತಿ ಇತ್ತು.

ರೋಮ್‌ನಲ್ಲಿ ನಮ್ಮ ಗುಂಪಿನಲ್ಲಿ ಪೋಲೆಂಡ್, ಕೀನ್ಯಾ, ಫಿಲಿಪೀನ್ಸ್‌ನವರು ಇದ್ದರು. ಮೊದಲ ಪಾಠಗಳು ಇತಿಹಾಸದವು. ಅಮೆರಿಕದ ವಾಷಿಂಗ್ಟನ್‌ನಲ್ಲಿ 1974ರಿಂದ ಪ್ರತಿ ಜನವರಿಯಲ್ಲಿ ಗರ್ಭಪಾತದ ವಿರುದ್ಧ ನಡೆಯುವ ಮೆರವಣಿಗೆ. 1981ರಲ್ಲಿ ಬೆನೆಡಿಕ್ಟೈನ್ ಗುರು ಪೌಲ್ ಮಾರ್ಕ್ಸ್ ಕಟ್ಟಿದ ಹ್ಯೂಮನ್ ಲೈಫ್ ಇಂಟರ್‌ನ್ಯಾಷನಲ್ ಎಂಬ ಜೀವಪರ ಸಂಸ್ಥೆ. ಡೌನ್ ಸಿಂಡ್ರೋಮ್‌ನ ಕಾರಣ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಂಚ್ ವೈದ್ಯ ಜೆರೋಮ್ ಲಜೂನ್. ತಾನು ಕಂಡುಹಿಡಿದದ್ದನ್ನು ಅಂಥ ಮಕ್ಕಳನ್ನು ಹುಟ್ಟುವ ಮುಂಚೆ ಹುಡುಕಿ ತೆಗೆಯಲು ಬಳಸುತ್ತಿದ್ದಾರೆ ಎಂದು ನೊಂದು ಹೋರಾಡಿದವರು ಅವರು. 1994ರಲ್ಲಿ ಪೋಪ್ ಎರಡನೆಯ ಜಾನ್ ಪೌಲ್ ಅವರು ಜೀವಕ್ಕಾಗಿ ಒಂದು ಅಕಾಡೆಮಿ ಸ್ಥಾಪಿಸಿದಾಗ ಅದರ ಮೊದಲ ಅಧ್ಯಕ್ಷರಾದರು. ನಮ್ಮ ದೇಶದ ಮಾತು ಬಂದಾಗ ನಾನು ಮದರ್ ತೆರೇಸಾ ಅವರ ವಿಷಯ ಹೇಳಿದೆ. 1979ರಲ್ಲಿ ಆಸ್ಲೋದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ವೇದಿಕೆಯಲ್ಲೇ ಅವರು ಗರ್ಭಪಾತದ ವಿರುದ್ಧ ಮಾತಾಡಿದರು. 1971ರ ಗರ್ಭಪಾತ ಕಾಯ್ದೆಯನ್ನು ವಿರೋಧಿಸಿ 2022ರ ಆಗಸ್ಟ್ 10ರಂದು ದೆಹಲಿಯಲ್ಲಿ ನಡೆದ ಮೆರವಣಿಗೆಯ ಬಗ್ಗೆಯೂ ಹೇಳಿದೆ.

ನಿಜವಾದ ಕಲಿಕೆ ಆಮೇಲೆ ಬಂತು. ಗರ್ಭಪಾತವಾದ ಹೆಂಗಸಿನ ಎದುರು ಹೇಗೆ ಕೂರಬೇಕು ಎಂಬುದು. "ಯಾಕೆ ಹಾಗೆ ಮಾಡಿದೆ?" ಅಂತ ಕೇಳಬಾರದು. ಚಿತ್ರಗಳನ್ನು ತೋರಿಸಬಾರದು. ಆಕೆ ಅತ್ತರೆ ಅಳು ನಿಲ್ಲಿಸಲು ಆತುರಪಡಬಾರದು. ಪೋಪ್ ಎರಡನೆಯ ಜಾನ್ ಪೌಲ್ 1995ರ ತಮ್ಮ ಪತ್ರದಲ್ಲಿ ಇಂಥ ತಾಯಂದಿರಿಗೆಂದೇ ಒಂದು ಭಾಗ ಬರೆದು, ಭರವಸೆ ಕಳೆದುಕೊಳ್ಳಬೇಡಿ ಅಂದಿದ್ದಾರೆ. 2016ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಎಲ್ಲ ಗುರುಗಳಿಗೂ ಗರ್ಭಪಾತದ ಪಾಪವನ್ನು ಕ್ಷಮಿಸುವ ಅಧಿಕಾರ ಕೊಟ್ಟರು. ನಮ್ಮ ಹಳ್ಳಿಗಳಲ್ಲಿ ಇದು ಇನ್ನೂ ಎಷ್ಟೋ ಜನರಿಗೆ ಗೊತ್ತಿಲ್ಲ. "ನನಗೆ ಕ್ಷಮೆ ಇಲ್ಲ" ಎಂದುಕೊಂಡು ಚರ್ಚ್‌ನ ಹಿಂದಿನ ಸಾಲಲ್ಲೇ ಕೂರುವ ತಾಯಂದಿರಿದ್ದಾರೆ. ಯಾವ ಗುರುವಿನ ಹತ್ತಿರ ಬೇಕಾದರೂ ಹೋಗಬಹುದು. ದಯವಿಟ್ಟು ಅವರಿಗೆ ಹೇಳಿ.

ವ್ಯಾಟಿಕನ್ ಹತ್ತಿರ ಸಾಂತೊ ಸ್ಪಿರಿತೊ ಎಂಬ ಹಳೆಯ ಆಸ್ಪತ್ರೆ ಇದೆ. ಅದರ ಹೊರಗೋಡೆಯಲ್ಲಿ ತಿರುಗುವ ಪೆಟ್ಟಿಗೆಯ ಒಂದು ಕಿಂಡಿ ಈಗಲೂ ಕಾಣುತ್ತದೆ. ಸಾಕಲಾಗದ ಕೂಸನ್ನು ತಾಯಿ ಅದರಲ್ಲಿಟ್ಟು ತಿರುಗಿಸಿದರೆ ಒಳಗಿದ್ದವರು ಎತ್ತಿಕೊಳ್ಳುತ್ತಿದ್ದರು. ಆಕೆ ಯಾರು ಎಂದು ಯಾರೂ ಕೇಳುತ್ತಿರಲಿಲ್ಲ. ಅದರ ಮುಂದೆ ನಿಂತು ನಾನು ತುಂಬಾ ಯೋಚಿಸಿದೆ. ಅಮೆರಿಕದಲ್ಲಿ, ಯುರೋಪಿನಲ್ಲಿ ಈ ಚಳವಳಿ ಬಹುಪಾಲು ಕಾನೂನಿನ ಸುತ್ತ ನಡೆಯುತ್ತದೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹೆಣ್ಣುಮಗಳನ್ನು ಹಿಂಡುವುದು ವರದಕ್ಷಿಣೆ, ಗಂಡುಮಗುವಿನ ಆಸೆ, ಅತ್ತೆಮನೆ, "ಊರಾಗ ಮುಖ ಹ್ಯಾಂಗ ತೋರಸೂದು" ಎಂಬ ಭಯ. ಅವರ ಘೋಷಣೆಯನ್ನು ಕನ್ನಡಕ್ಕೆ ತಂದು ಬ್ಯಾನರ್ ಕಟ್ಟಿದರೆ ಒಬ್ಬ ಹುಡುಗಿಯೂ ನಮ್ಮ ಬಾಗಿಲಿಗೆ ಬರುವುದಿಲ್ಲ. ಅವಳಿಗೆ ಬೇಕಾದದ್ದು ಹೆಸರು ಕೇಳದ ಒಂದು ಬಾಗಿಲು, ಹೆರಿಗೆ ತನಕ ಇರಲು ಒಂದು ಜಾಗ.

ಮರಳಿ ಬಂದು ಕೋಣೆ ತೆರೆದೆವು. ಒಬ್ಬ ಸಿಸ್ಟರ್, ನಿವೃತ್ತಿಯಾದ ಒಬ್ಬ ನರ್ಸ್ ಅಕ್ಕ, ನಾನು. ಖರ್ಚು ಅಂತ ನೋಡಿದರೆ ಬಾಡಿಗೆಗಿಂತ ಜಾಸ್ತಿ ಆಗುವುದು ಸ್ಕ್ಯಾನ್, ರಕ್ತಪರೀಕ್ಷೆ, ಔಷಧಿ ಮತ್ತು ಓಡಾಟಕ್ಕೆ.

ಆಶ್ಚರ್ಯ ಅಂದರೆ ಮೊದಲು ಬಂದವರು ಬಸುರಿಯರಲ್ಲ, ಮಕ್ಕಳಿಲ್ಲದ ದಂಪತಿಗಳು. "ಒಂದು ಕೂಸು ಇದ್ರ ಕೊಡಸ್ರಿ ಫಾದರ್, ಭಾಳ ಚಲೋ ನೋಡ್ಕೋತೇವಿ." ಅವರ ಕಣ್ಣೀರು ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ಆದರೂ ಕೈಯಿಂದ ಕೈಗೆ ಮಗು ಕೊಡುವುದು ಅಪರಾಧ. ಬಾಲನ್ಯಾಯ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಜೈಲಿದೆ. ಅವರಿಗೆ ದತ್ತು ಪಡೆಯುವ ಸರ್ಕಾರಿ ಆನ್‌ಲೈನ್ ನೋಂದಣಿಯ ದಾರಿ ತೋರಿಸುತ್ತೇವೆ. ಚರ್ಚ್ ಬಾಗಿಲಲ್ಲಿ ಯಾರಾದರೂ ಕೂಸನ್ನು ಬಿಟ್ಟು ಹೋದರೆ 24 ಗಂಟೆಯೊಳಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಬಂದ ಹುಡುಗಿಗೆ 18 ತುಂಬಿಲ್ಲದಿದ್ದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರು ಯಾರಿಗೂ ಹೇಳುವಂತಿಲ್ಲ. ಅದಕ್ಕೇ ನಾವು ಸಹಾಯದ ಮಾತುಕತೆಯನ್ನು ಪಾಪನಿವೇದನೆಯಿಂದ ಪೂರ್ತಿ ಬೇರೆ ಇಟ್ಟಿದ್ದೇವೆ. ಸಿಸ್ಟರ್ ಎದುರಿಗೆ, ಕೋಣೆಯಲ್ಲೇ.

ಆಮೇಲೆ ಬಂದವಳು ಬಾಗಲಕೋಟೆ ಕಡೆಯ ಹುಡುಗಿ. ವಯಸ್ಕಳು, ಕ್ರೈಸ್ತಳಲ್ಲ. ಮನೆಯವರಿಗೆ ಗೊತ್ತಿಲ್ಲ. ಹುಡುಗ ಫೋನ್ ಎತ್ತುವುದನ್ನೇ ಬಿಟ್ಟಿದ್ದ. ಆಕೆಗೆ ಮಗು ಹೆರಬೇಕು ಅಂತಿತ್ತು, ಸಾಕುವ ದಾರಿ ಕಾಣುತ್ತಿರಲಿಲ್ಲ. ಸಿಸ್ಟರ್‌ಗಳ ಮನೆಯಲ್ಲಿ ಉಳಿದಳು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣುಮಗು.

ಮಗುವನ್ನು ಒಪ್ಪಿಸಬೇಕು ಅಂದರೆ ತಾಯಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾಗಬೇಕು. ಸಮಿತಿಯವರು ಮೊದಲು ಆಪ್ತ ಸಲಹೆ ಕೊಡುತ್ತಾರೆ. ಮನಸ್ಸು ಬದಲಾಗದಿದ್ದರೆ ಒಪ್ಪಿಸುವ ಪತ್ರಕ್ಕೆ ಸಹಿ. ಮದುವೆಯಾಗದ ತಾಯಿಯಾದರೆ ಆಕೆಯ ಸಹಿಯೇ ಸಾಕು. ಅಲ್ಲಿಂದ 60 ದಿನ ಆಕೆ ಮನಸ್ಸು ಬದಲಾಯಿಸಿ ಮಗುವನ್ನು ವಾಪಸ್ ಪಡೆಯಬಹುದು. ಆ ಅವಧಿ ಮುಗಿದ ಮೇಲೆಯೇ ಮಗುವನ್ನು ದತ್ತು ಕೊಡಬಹುದು ಎಂದು ಸಮಿತಿ ಘೋಷಿಸುವುದು. ಆಧಾರ್, ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡ್, ಮಗುವಿನ ಜನನ ದಾಖಲೆ, ಫೋಟೋ ಜೊತೆಗಿರಲಿ. ಬೆಳಿಗ್ಗೆ ಹೋದರೆ ಇಡೀ ದಿನ ಕೂರಬೇಕಾಗಬಹುದು. ತಾಯಿಗೆ ಊಟ, ನೀರು, ಮಲಗಲು ಒಂದು ಚಾದರ ಒಯ್ಯಿರಿ. ಹೆರಿಗೆಯಾಗಿ ಸ್ವಲ್ಪ ದಿನವಷ್ಟೇ ಆದವಳು ಬೆಂಚಿನ ಮೇಲೆ ಕೂತಿರುತ್ತಾಳೆ.

ಒಂದು ವಿಷಯ ನಮಗೆ ರೋಮ್‌ನಲ್ಲೂ ಯಾರೂ ಹೇಳಿರಲಿಲ್ಲ. ಮಗು ಕೈಬಿಟ್ಟ ಮೇಲೂ ಎದೆಹಾಲು ಬರುತ್ತದೆ. ಎದೆ ಗಟ್ಟಿಯಾಗಿ ಜ್ವರ ಬಂತು. ಆ ರಾತ್ರಿ ನರ್ಸ್ ಅಕ್ಕ ಇಲ್ಲದಿದ್ದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ. ಇಂಥ ಕೋಣೆ ತೆರೆಯುವವರು ಮೊದಲು ಒಬ್ಬ ನರ್ಸ್‌ನ್ನು ಗೊತ್ತುಮಾಡಿಕೊಳ್ಳಿ. ಉಳಿದದ್ದೆಲ್ಲ ಆಮೇಲೆ.

ಆ 60 ದಿನ ಆಕೆ ದಿನಾ ಸಿಸ್ಟರ್‌ಗೆ ಫೋನ್ ಮಾಡುತ್ತಿದ್ದಳು. ಒಂದು ದಿನ ವಾಪಸ್ ಬೇಕು ಅನ್ನುತ್ತಿದ್ದಳು, ಮರುದಿನ ಬೇಡ ಅನ್ನುತ್ತಿದ್ದಳು. ನಾವು ಯಾವ ಕಡೆಗೂ ತಳ್ಳಲಿಲ್ಲ. ಬೇಕು ಅಂದರೆ ಇರಲು ಜಾಗ, ಕೆಲಸ ಹುಡುಕಿಕೊಡುತ್ತೇವೆ ಎಂದು ಹೇಳಿದ್ದೆವು. ಕೊನೆಗೆ ಆಕೆ ಬರಲಿಲ್ಲ. ಸಮಿತಿಯ ಆದೇಶ ಹೋದ ವಾರ ಆಯಿತು. ಒಂದು ಮಗು ಬದುಕಿದೆ ಎಂಬ ಸಂತೋಷವೂ, ಒಬ್ಬ ತಾಯಿ ಬರಿಗೈಲಿ ಹೋದಳು ಎಂಬ ದುಃಖವೂ ನನ್ನೊಳಗೆ ಒಟ್ಟಿಗೇ ಇವೆ. ಸಿಸ್ಟರ್ ಈಗಲೂ ಆಕೆಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಆಕೆ ಓದು ಮುಂದುವರಿಸಿದ್ದಾಳೆ.

ಈಗ ಚಿಕ್ಕೋಡಿ ಮತ್ತು ಗೋಕಾಕ ಕಡೆ ಇಂಥದ್ದೇ ಕೋಣೆ ತೆರೆಯಲು ಜನ ಹುಡುಕುತ್ತಿದ್ದೇವೆ. ಬೇಕಾಗಿರುವವರು ನರ್ಸ್‌ಗಳು, ಒಬ್ಬ ವಕೀಲರು, ಮರಾಠಿ ಬಲ್ಲ ಒಬ್ಬ ಹೆಣ್ಣುಮಗಳು. ಯಾವ ಧರ್ಮದವರಾದರೂ ಸರಿ. ಗುರುಗಳು ಮತ್ತು ಸಿಸ್ಟರ್‌ಗಳು ಮಾತ್ರ ತಮ್ಮ ಮೇಲಿನವರ ಒಪ್ಪಿಗೆ ಪತ್ರದೊಂದಿಗೆ ಬರಬೇಕು.